ಹಿಂದಿನ ಎಡಗಾಲಿಯ ಬೇರಿಂಗ್ ವರ್ಷದೊಳಗೆ ಎರಡನೆಯ ಸಲ ಸದ್ದು ಮಾಡುತ್ತಿದೆ: 2007ರ ಬಾಕ್ಸ್‌ಟರ್, ಬೆಳಗಾವಿ

ಹಿಂಡಲಗಾ_ರಸ್ತೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2007ರ ಪೋರ್ಷೆ ಬಾಕ್ಸ್‌ಟರ್, 987 ಪೀಳಿಗೆಯ, 2.7 ಲೀಟರ್ ಎಂಜಿನ್ನಿನ ಗಾಡಿ. ಆರು ವರ್ಷದ ಕೆಳಗೆ ಪುಣೆಯಲ್ಲಿ ಎರಡನೆಯ ಮಾಲೀಕರಿಂದ ಕೊಂಡುಕೊಂಡೆ. ಅಂದಿನಿಂದ ಅದರ ಎಣ್ಣೆ, ಬ್ರೇಕು, ನೀರಿನ ಪಂಪು ಎಲ್ಲವನ್ನೂ ನಾನೇ ನೋಡಿಕೊಂಡು ಬಂದಿದ್ದೇನೆ. ಬೇರಿಂಗ್ ಕೆಲಸಕ್ಕೆ ಬೇಕಾದ, ಬಿಗಿಯಾದ ಭಾಗಗಳನ್ನು ಒತ್ತಿ ಕೂರಿಸುವ ಪ್ರೆಸ್ಸು ಮನೆಯಲ್ಲಿ ಇಲ್ಲದ್ದರಿಂದ ಕಳೆದ ವರ್ಷ ಅದೊಂದನ್ನು ಮಾತ್ರ ಹೊರಗೆ ಕೊಟ್ಟೆ. ಈಗ ಅದೇ ಗಾಲಿ ಮತ್ತೆ ಸದ್ದು ಮಾಡುತ್ತಿದೆ.

ಮೊದಲು ಕಿವಿಗೆ ಬಿದ್ದದ್ದು ಚೋರ್ಲಾ ಘಾಟಿನಲ್ಲಿ. ವೇಗ 55 ದಾಟುತ್ತಿದ್ದಂತೆ ದೂರದಲ್ಲಿ ಹಿಟ್ಟಿನ ಗಿರಣಿ ತಿರುಗಿದಂಥ ಒಂದು ಗುಂಯ್‌ಗುಟ್ಟುವಿಕೆ ಶುರುವಾಗುತ್ತದೆ, 80ಕ್ಕೆ ಬರುವಷ್ಟರಲ್ಲಿ ಬೆನ್ನಿನ ಹಿಂದೆಯೇ ಕೂತು ಯಾರೋ ಗೊಣಗುತ್ತಿರುವಷ್ಟು ಹತ್ತಿರವಾಗುತ್ತದೆ. ಬಲಕ್ಕೆ ತಿರುಗುವ ತಿರುವುಗಳಲ್ಲಿ ಸದ್ದು ಏರುತ್ತದೆ, ಎಡಕ್ಕೆ ತಿರುಗಿದರೆ ಹೆಚ್ಚುಕಡಿಮೆ ಅಡಗುತ್ತದೆ. ಗಿಯರನ್ನು ನ್ಯೂಟ್ರಲಿಗೆ ತಂದು ಗಾಡಿಯನ್ನು ಹಾಗೆಯೇ ಉರುಳಲು ಬಿಟ್ಟರೂ ಸದ್ದು ಬದಲಾಗುವುದಿಲ್ಲ.

ಕಳೆದ ಸಲ ಹಾಕಿದ ಬೇರಿಂಗ್ ಓಡಿದ್ದು ಬರೀ 4,000 ಕಿ.ಮೀ. ಕೆಲಸ ಮಾಡಿಕೊಟ್ಟವರು ಬೇರಿಂಗೇ ಕಳಪೆ ಎನ್ನುತ್ತಾರೆ. ಆದರೆ ಅದನ್ನು ನಾನೇ ಅಧಿಕೃತ ವಿತರಕರಿಂದ ತರಿಸಿ, ಪೆಟ್ಟಿಗೆಯ ಮೇಲಿನ ಗುರುತನ್ನು ತಯಾರಕರದೇ ಆ್ಯಪಿನಲ್ಲಿ ಪರೀಕ್ಷಿಸಿ ಕೊಟ್ಟಿದ್ದೆ, ನಕಲಿ ಮಾಲಲ್ಲ. ಹೊಸ ಬೇರಿಂಗನ್ನು ಕೂರಿಸುವಾಗ ನಾನು ಅಲ್ಲೇ ನಿಂತಿದ್ದೆ. ಗಾಡಿಯ ಮೇಲೆಯೇ ಒಂದು ಕಬ್ಬಿಣದ ಕೊಳವೆಯನ್ನು ಒತ್ತಿಹಿಡಿದು ದೊಡ್ಡ ಸುತ್ತಿಗೆಯಿಂದ ಹೊಡೆದು ಕೂರಿಸಿದರು. ಆ ಕೊಳವೆ ಬೇರಿಂಗಿನ ಯಾವ ಭಾಗದ ಮೇಲಿತ್ತು ಎಂಬುದನ್ನು ಗಮನಿಸಬೇಕೆಂಬ ತಿಳಿವಳಿಕೆ ಆಗ ನನಗಿರಲಿಲ್ಲ.

ಇದು ಬೇರಿಂಗೇ ಹೌದೆಂದು ಖಚಿತಪಡಿಸಿಕೊಳ್ಳುವುದು ಹೇಗೆ, ಮತ್ತು ಈ ಸಲ ಕೆಲಸ ಬಾಳಿಕೆ ಬರುವಂತೆ ಮಾಡಿಸುವುದು ಹೇಗೆ ಎಂದು ಬಲ್ಲವರು ತಿಳಿಸಬೇಕೆಂದು ವಿನಂತಿ.

ನವನಗರ_ಬಾಗಲಕೋಟೆ

ಸರ್, ನೀವು ಕೊಟ್ಟ ವಿವರಗಳಲ್ಲಿ ಬಹಳ ಮುಖ್ಯವಾದದ್ದು ತಿರುವಿನದು. ಗಾಡಿ ಬಲಕ್ಕೆ ತಿರುಗುವಾಗ ಅದರ ಭಾರ ಎಡಗಡೆಯ ಗಾಲಿಗಳ ಮೇಲೆ ವಾಲುತ್ತದೆ. ಭಾರ ಬಿದ್ದಾಗ ಸದ್ದು ಏರಿ, ಭಾರ ಸರಿದಾಗ ಸದ್ದು ಇಳಿದರೆ ಅನುಮಾನ ಎಡಗಾಲಿಯ ಬೇರಿಂಗಿನ ಮೇಲೆಯೇ ಬೀಳಬೇಕು. ಟೈರಿನ ಸದ್ದಾಗಿದ್ದರೆ ಅದು ತಿರುವಿಗಿಂತ ಹೆಚ್ಚಾಗಿ ರಸ್ತೆಯನ್ನು ಅನುಸರಿಸುತ್ತದೆ. ಹೊಸ ಡಾಂಬರಿನ ಮೇಲೆ ಒಂದು ಬಗೆ, ಕಾಂಕ್ರೀಟಿನ ಮೇಲೆ ಮತ್ತೊಂದು ಬಗೆ. ಸಾಮಾನ್ಯ ಕಾರಾಗಿದ್ದರೆ ಹಿಂದಿನ ಟೈರನ್ನು ಮುಂದಕ್ಕೆ ಹಾಕಿ ಸದ್ದು ಜಾಗ ಬದಲಿಸುತ್ತದೆಯೇ ನೋಡಿ ಎನ್ನುತ್ತಿದ್ದೆ. ನಿಮ್ಮ ಗಾಡಿಯಲ್ಲಿ 17 ಇಂಚಿನ ಗಾಲಿಗಳಿದ್ದರೆ ಮುಂದೆ 205, ಹಿಂದೆ 235 ಅಗಲದ ಟೈರುಗಳಿರುವುದರಿಂದ ಆ ದಾರಿ ಇಲ್ಲ.

ನ್ಯೂಟ್ರಲಿನ ಪರೀಕ್ಷೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಅದರಿಂದ ಎಂಜಿನ್ನಿನ ತಪ್ಪಿಲ್ಲವೆಂದು ತಿಳಿಯುತ್ತದೆಯೇ ಹೊರತು ಗಿಯರ್‌ಬಾಕ್ಸಿನ ತಪ್ಪಿಲ್ಲವೆಂದು ತಿಳಿಯುವುದಿಲ್ಲ. ಈ ಗಾಡಿಯಲ್ಲಿ ಗಿಯರ್‌ಬಾಕ್ಸು ಎಂಜಿನ್ನಿನ ಹಿಂದೆ, ಎರಡು ಹಿಂಗಾಲಿಗಳ ನಡುವೆ ಇದೆ. ನ್ಯೂಟ್ರಲಿನಲ್ಲಿಯೂ ಗಾಲಿ ತಿರುಗುತ್ತಿರುವಷ್ಟು ಹೊತ್ತು ಎರಡೂ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಮತ್ತು ಅದರ ಬೇರಿಂಗುಗಳು ತಿರುಗುತ್ತಲೇ ಇರುತ್ತವೆ. ಆದ್ದರಿಂದ ಹಿಂಭಾಗವನ್ನು ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಮುಂದಿನ ಗಾಲಿಗಳಿಗೆ ಕಟ್ಟೆ ಕೊಟ್ಟು, ಒಂದು ಕೈಯಿಂದ ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಶನ್ನಿನ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಡಿ. ಬೇರಿಂಗ್ ಹಾಳಾಗಿದ್ದರೆ ಸ್ಪ್ರಿಂಗಿನಲ್ಲಿ ಮರಳು ಹರಿದಂತೆ ಕೈಗೆ ತಿಳಿಯುತ್ತದೆ. ಬಲಗಾಲಿಯಲ್ಲಿಯೂ ಹಾಗೆಯೇ ಮಾಡಿ ಹೋಲಿಸಿ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಸಡಿಲವಿಲ್ಲವೆಂದು ಕಂಡರೆ ಸಮಾಧಾನಪಟ್ಟು ಬಿಡಬೇಡಿ. ಎರಡು ಸಾಲು ಗುಂಡುಗಳ ಈ ಬಗೆಯ ಬೇರಿಂಗ್ ಸಡಿಲವಾಗುವ ಎಷ್ಟೋ ಮೊದಲೇ ಸದ್ದು ಮಾಡಲು ತೊಡಗುತ್ತದೆ.

ಹಿಂಡಲಗಾ_ರಸ್ತೆ (ಬೆಳಗಾವಿ)

ನೀವು ಹೇಳಿದಂತೆಯೇ ನಿನ್ನೆ ಸಂಜೆ ಮಾಡಿ ನೋಡಿದೆ, ಸರ್. ಎರಡು ಗಾಲಿಗಳೂ ಅಲ್ಲಾಡುವುದಿಲ್ಲ. ಬಲಗಡೆಯ ಸ್ಪ್ರಿಂಗ್ ಸದ್ದಿಲ್ಲದೆ, ಕೈಗೆ ಏನೂ ತಿಳಿಯದಂತೆ ಇದೆ. ಎಡಗಡೆಯ ಸ್ಪ್ರಿಂಗಿನ ಮೇಲೆ ಬೆರಳಿಟ್ಟಾಗ ಮಾತ್ರ ಸಣ್ಣಗೆ, ಒಂದೇ ಅಂತರದಲ್ಲಿ, ಟಕಟಕ ಎಂಬ ತಟ್ಟುವಿಕೆ ಸಿಗುತ್ತದೆ. ಮರಳಿನಂತೆ ಅಲ್ಲ, ಹಲ್ಲಿನ ಚಕ್ರದ ಮೇಲೆ ಬೆರಳು ಎಳೆದಂತೆ.

ಉದ್ಯಮಬಾಗ_ಲೇತ್

ತಮ್ಮಾ, ಒಂದೇ ಅಂತರದಲ್ಲಿ ತಟ್ಟುತ್ತದೆ ಎಂದು ನೀನು ಬರೆದದ್ದನ್ನು ಓದಿಯೇ ನನಗೆ ಅರ್ಧ ಉತ್ತರ ಸಿಕ್ಕಿತು. ಉದ್ಯಮಬಾಗದಲ್ಲಿ ಲೇತ್ ಮತ್ತು ಪ್ರೆಸ್ಸಿನ ಮುಂದೆ ಮೂವತ್ತು ವರ್ಷ ನಿಂತಿದ್ದೇನೆ. ಹೈಡ್ರಾಲಿಕ್ ಸಿಲಿಂಡರಿನಿಂದ ಹಿಡಿದು ಕಬ್ಬಿನ ಟ್ರೇಲರಿನ ಹಬ್‌ವರೆಗೆ ಎಷ್ಟೋ ಬೇರಿಂಗುಗಳನ್ನು ಒತ್ತಿದ್ದೇನೆ. ಹಳತಾಗಿ ಸವೆದ ಬೇರಿಂಗ್ ಮರಳಿನಂತೆ ಹರಿಯುತ್ತದೆ. ಒಂದೇ ಅಂತರದಲ್ಲಿ ತಟ್ಟುವ ಬೇರಿಂಗ್ ಸವೆದದ್ದಲ್ಲ, ಪೆಟ್ಟು ತಿಂದದ್ದು.

ಬೇರಿಂಗಿನಲ್ಲಿ ಹೊರ ರೇಸು, ಒಳ ರೇಸು (ಗುಂಡುಗಳು ಉರುಳುವ ಉಕ್ಕಿನ ಬಳೆಗಳು), ನಡುವೆ ಗುಂಡುಗಳು. ನಿನ್ನ ಗಾಡಿಯಲ್ಲಿ ಹೊರ ರೇಸು ಅಲ್ಯುಮಿನಿಯಂ ಹೌಸಿಂಗಿನೊಳಗೆ, ಅಂದರೆ ಸಸ್ಪೆನ್ಶನ್ನಿಗೆ ಕಟ್ಟಿದ ಬೇರಿಂಗಿನ ಗೂಡಿನೊಳಗೆ, ಬಿಗಿಯಾಗಿ ಕೂರುತ್ತದೆ, ಒಳ ರೇಸಿನೊಳಗೆ, ಗಾಲಿಯನ್ನು ಬೋಲ್ಟಿನಿಂದ ಕಟ್ಟುವ ಹಬ್‌ನ ಕೊರಳು ಬಿಗಿಯಾಗಿ ಕೂರುತ್ತದೆ. ಹೌಸಿಂಗಿಗೆ ಬೇರಿಂಗನ್ನು ಒತ್ತುವಾಗ ಬಲ ಹೊರ ರೇಸಿನ ಮೇಲೆಯೇ ಬೀಳಬೇಕು. ಹಬ್ ಅನ್ನು ಬೇರಿಂಗಿನೊಳಗೆ ಒತ್ತುವಾಗ ಕೆಳಗಿನಿಂದ ಒಳ ರೇಸಿಗೇ ಆಧಾರ ಕೊಡಬೇಕು. ಇದರಲ್ಲಿ ಯಾವುದೊಂದು ತಪ್ಪಿದರೂ ಟನ್ನುಗಟ್ಟಲೆ ಬಲ ಒಂದು ರೇಸಿನಿಂದ ಇನ್ನೊಂದಕ್ಕೆ ಗುಂಡುಗಳ ಮೂಲಕ ಹಾಯುತ್ತದೆ. ಗುಂಡು ರೇಸನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅಷ್ಟು ಬಲ ಅಷ್ಟು ಚಿಕ್ಕ ಜಾಗದಲ್ಲಿ ಬಿದ್ದರೆ ಉಕ್ಕು ಎಷ್ಟೇ ಗಟ್ಟಿಯಿದ್ದರೂ ಗುಳಿ ಬೀಳುತ್ತದೆ. ಗುಳಿ ಕಣ್ಣಿಗೆ ಕಾಣಿಸುವುದಿಲ್ಲ, ಕೈಯಲ್ಲಿ ತಿರುಗಿಸಿದರೆ ಹೊಸ ಬೇರಿಂಗು ನುಣ್ಣಗೇ ತಿರುಗುತ್ತದೆ, ಗಿರಾಕಿ ಸಂತೋಷದಿಂದ ಮನೆಗೆ ಹೋಗುತ್ತಾನೆ. ಮುಂದೆ ಪ್ರತಿ ಸುತ್ತಿನಲ್ಲಿಯೂ ಪ್ರತಿ ಗುಂಡು ಪ್ರತಿ ಗುಳಿಗೆ ಇಳಿದು ಏರಿ, ಗುಳಿಯ ಅಂಚು ಒಡೆದು ಪುಡಿಯಾಗಿ, ಆ ಪುಡಿ ಗ್ರೀಸಿನಲ್ಲಿ ಬೆರೆತು ಉಳಿದ ಜಾಗವನ್ನೂ ತಿನ್ನುತ್ತದೆ. ಅದಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರು ಸಾಕು.

ಸುತ್ತಿಗೆಯಿಂದ ಹಳೆಯ ಬೇರಿಂಗನ್ನು ಹೊರಗೆ ಹೊಡೆದರೆ ನನ್ನ ಆಕ್ಷೇಪವಿಲ್ಲ, ಅದು ಹೇಗೂ ಗುಜರಿಗೆ ಹೋಗುವ ವಸ್ತು. ಹೊಸದನ್ನು ಸುತ್ತಿಗೆಯಿಂದ ಕೂರಿಸುವುದನ್ನು ನಾನು ಒಪ್ಪುವುದಿಲ್ಲ.

ಎರೆನಾಡು_ವಿಜಯಪುರ

ಕಾಕಾ, ನನ್ನದು 2002ರ ಪಾಲಿಯೋ 1.6. ಅದರ ಹಿಂಗಾಲಿಯ ಬೇರಿಂಗನ್ನು ನಾನೇ ಮನೆಯಂಗಳದಲ್ಲಿ ಬದಲಿಸಿದ್ದೇನೆ. ಎರಡು ತಾಸಿನ ಕೆಲಸ, ಪ್ರೆಸ್ಸೇ ಬೇಕಾಗಲಿಲ್ಲ. ಈ ಗಾಡಿಗೆ ಏಕೆ ಇಷ್ಟು ಸಿದ್ಧತೆ ಬೇಕು? ಇನ್ನೊಂದು ಪ್ರಶ್ನೆಯೂ ಇದೆ. ಹೌಸಿಂಗನ್ನು ಗಾಡಿಯಿಂದ ಬಿಚ್ಚಿದರೆ ಗಾಲಿಯ ಕೋನಗಳೆಲ್ಲ ತಪ್ಪಿ ಮತ್ತೆ ಅಲೈನ್‌ಮೆಂಟ್ ಮಾಡಿಸಬೇಕಾಗುತ್ತದೆ. ಗಾಡಿಯ ಮೇಲೆಯೇ, ತಿರುಪು ತಿರುಗಿಸಿ ಎಳೆಯುವ ಪುಲ್ಲರಿನಿಂದ ಮಾಡುವುದು ಒಳ್ಳೆಯದಲ್ಲವೇ?

ಉದ್ಯಮಬಾಗ_ಲೇತ್

ನಿನ್ನ ಪಾಲಿಯೋದಲ್ಲಿ ಹಬ್ ಮತ್ತು ಬೇರಿಂಗ್ ಒಂದೇ ತುಂಡಾಗಿ ಬರುತ್ತದೆ. ಒಳಗಿನ ಬಿಗಿತವನ್ನೆಲ್ಲ ಕಾರ್ಖಾನೆಯಲ್ಲಿಯೇ ಮುಗಿಸಿ ಕೊಟ್ಟಿರುತ್ತಾರೆ, ನೀನು ಮಾಡಿದ್ದು ಒಂದು ನಟ್ಟು ಬಿಚ್ಚಿ ಕಟ್ಟಿದ್ದು. ಅಲ್ಲದೆ ಆ ಗಾಡಿಯ ಹಿಂಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವುದಿಲ್ಲ, ನಡುವೆ ಶಾಫ್ಟೂ ಇಲ್ಲ. ಇಲ್ಲಿ ಆ ಬಿಗಿತವನ್ನು ನಾವೇ ನಮ್ಮ ಕೈಯಿಂದ ಸಾಧಿಸಬೇಕು.

ಎರಡನೆಯ ಪ್ರಶ್ನೆ ಒಳ್ಳೆಯದು. ಉದ್ದನೆಯ ತಿರುಪಿನ ಪುಲ್ಲರ್ ಇದ್ದು, ರೇಸಿನ ಅಳತೆಗೆ ಸರಿಯಾದ ಬಟ್ಟಲುಗಳಿದ್ದರೆ ಗಾಡಿಯ ಮೇಲೆಯೇ ಅಷ್ಟೇ ಚೊಕ್ಕವಾಗಿ ಮಾಡಬಹುದು. ಎಲ್ಲಿ ಮಾಡುತ್ತೀ ಎಂಬುದಕ್ಕಿಂತ ಬಲ ಯಾವ ರೇಸಿನ ಮೂಲಕ ಹೋಗುತ್ತದೆ ಎಂಬುದು ಮುಖ್ಯ. ಆದರೆ ಈ ಗಾಡಿಯ ಹೌಸಿಂಗಿಗೆ ಒಮ್ಮೆ ಬೇರಿಂಗ್ ಸುತ್ತಿಗೆಯ ಪೆಟ್ಟಿನಲ್ಲಿ ಹೋಗಿದೆ. ಪೆಟ್ಟು ಓರೆಯಾಗಿ ಬಿದ್ದಿದ್ದರೆ ಉಕ್ಕಿನ ರೇಸು ಅಲ್ಯುಮಿನಿಯಂ ಗೋಡೆಯನ್ನು ಹೆರೆದುಬಿಟ್ಟಿರುತ್ತದೆ. ತೂತು ಇನ್ನೂ ದುಂಡಗಿದೆಯೋ ಇಲ್ಲವೋ ಎಂದು ಬೋರ್ ಗೇಜ್ ಹಾಕಿ ಅಳೆಯದೆ ಹೊಸ ಬೇರಿಂಗ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ಬಿಚ್ಚಿ ತರಲಿ. ಬಿಚ್ಚುವ ಮೊದಲು ಕೋನ ಹೊಂದಿಸುವ ಬೋಲ್ಟುಗಳ ತಲೆಗೂ ಪಕ್ಕದ ಲೋಹಕ್ಕೂ ಸೇರಿ ಒಂದು ಗೆರೆ ಕೊರೆದುಕೊಂಡರೆ ಮರಳಿ ಕಟ್ಟುವಾಗ ಅಲೈನ್‌ಮೆಂಟ್ ಅಂಗಡಿಯವರೆಗೆ ಗಾಡಿ ನೆಟ್ಟಗೆ ಓಡುತ್ತದೆ.

ಬಿಸಿ ಮತ್ತು ತಣ್ಣಗಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತೂತಿನ ವ್ಯಾಸ 80 ಮಿ.ಮೀ. ಎಂದು ಹಿಡಿದರೆ, ಹೌಸಿಂಗನ್ನು 30 ಡಿಗ್ರಿಯಿಂದ 110 ಡಿಗ್ರಿಗೆ ಕಾಯಿಸಿದಾಗ ಅದು ಸುಮಾರು 0.15 ಮಿ.ಮೀ. ಹಿಗ್ಗುತ್ತದೆ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಳಿಸಿದರೆ ಅದು ಸುಮಾರು 0.045 ಮಿ.ಮೀ. ಕುಗ್ಗುತ್ತದೆ. ಬೇರಿಂಗನ್ನು ಹಿಡಿದಿಡುವ ಬಿಗಿತ ಇದಕ್ಕಿಂತ ಕಡಿಮೆ. ಹಾಗಾಗಿ ಬೇರಿಂಗ್ ತನ್ನ ಭಾರಕ್ಕೆ ತಾನೇ ಇಳಿದು ಕೂರುತ್ತದೆ. ಹೌಸಿಂಗಿಗೆ ಬೆಂಕಿಯ ನಾಲಗೆ ಮಾತ್ರ ತಾಗಿಸಬೇಡಿ, ಒಂದೇ ಕಡೆ ಅತಿಯಾಗಿ ಕಾದರೆ ಅಲ್ಯುಮಿನಿಯಂ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಹಾಗೆಯೇ ಬೇರಿಂಗನ್ನು ಕಾಯಿಸಬೇಡಿ. ಸೀಲು ಇರುವ ಬೇರಿಂಗು 80 ಡಿಗ್ರಿ ದಾಟಿದರೆ ಗ್ರೀಸಿಗೂ ಸೀಲಿಗೂ ಒಳ್ಳೆಯದಲ್ಲ.

ನವನಗರ_ಬಾಗಲಕೋಟೆ

ಕಾಕಾ ಅವರು ಒತ್ತುವ ಕೆಲಸದ ಬಗ್ಗೆ ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಕೊನೆಯ ನಟ್ಟಿನ ಬಗ್ಗೆ ಮಾತ್ರ ಎರಡು ಮಾತು ಬರೆಯುತ್ತೇನೆ, ಏಕೆಂದರೆ ಚೆನ್ನಾಗಿ ಕೂರಿಸಿದ ಬೇರಿಂಗೂ ಅಲ್ಲಿ ಹಾಳಾಗಬಹುದು.

ಈ ಬೇರಿಂಗಿನ ಒಳ ರೇಸು ಒಂದೇ ಉಂಗುರವಲ್ಲ, ಎದುರುಬದುರಾಗಿ ಕೂಡುವ ಎರಡು ಉಂಗುರಗಳು. ಅವೆರಡನ್ನೂ ಒತ್ತಿ ಹಿಡಿದಿರುವುದು ಡ್ರೈವ್ ಶಾಫ್ಟಿನ ತುದಿಯ ನಟ್ಟು. ಎರಡೂ ಉಂಗುರಗಳು ಒಂದನ್ನೊಂದು ಪೂರ್ತಿ ಒತ್ತಿಕೊಂಡಾಗ ಮಾತ್ರ ಗುಂಡುಗಳಿಗೆ ಕಾರ್ಖಾನೆಯವರು ಲೆಕ್ಕ ಹಾಕಿಟ್ಟ ಜಾಗ ಸಿಗುತ್ತದೆ. ನಟ್ಟು ಸಡಿಲವಿದ್ದರೆ ಉಂಗುರಗಳು ಬಿಟ್ಟುಕೊಂಡು ಗುಂಡುಗಳು ರೇಸಿನ ಅಂಚಿಗೆ ಏರುತ್ತವೆ. ಅದಕ್ಕಾಗಿಯೇ ಶಾಫ್ಟನ್ನು ಬಿಚ್ಚಿದ ಗಾಡಿಯನ್ನು ಗ್ಯಾರೇಜಿನ ಒಳಗೇ ಆದರೂ ನಾಲ್ಕು ಹೆಜ್ಜೆ ತಳ್ಳಬಾರದು, ನಟ್ಟು ಪೂರ್ತಿ ಬಿಗಿಯಾಗುವವರೆಗೆ ಗಾಲಿಯ ಮೇಲೆ ಭಾರ ಬಿಡಬಾರದು.

ನಿಮ್ಮ ಗಾಡಿಯಲ್ಲಿ ಆ ನಟ್ಟಿಗೆ 32 ಮಿ.ಮೀ. ಸಾಕೆಟ್ ಬೇಕು, ಬಿಗಿಯಬೇಕಾದ ಪ್ರಮಾಣ 460 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ 47 ಕಿಲೋ ತೂಗುಹಾಕಿದಷ್ಟು. ಗಾಲಿಯ ಬೋಲ್ಟಿಗೆ ಬೇಕಾದದ್ದು 130 ಎಂದು ನೆನಪಿಸಿಕೊಂಡರೆ ಇದು ಎಷ್ಟು ಎಂಬುದು ಅರಿವಾಗುತ್ತದೆ. ಕಾರಿನ ಗ್ಯಾರೇಜುಗಳಲ್ಲಿರುವ ಸಾಮಾನ್ಯ ಟಾರ್ಕ್ ರೆಂಚ್ ಇದರ ಅರ್ಧಕ್ಕೂ ಬರುವುದಿಲ್ಲ, ಲಾರಿ ಗ್ಯಾರೇಜಿನಿಂದ ಮುಕ್ಕಾಲು ಇಂಚಿನದನ್ನು ತರಿಸಬೇಕು. ಪೈಪು ಹಾಕಿ ಅಂದಾಜಿನ ಮೇಲೆ ಬಿಗಿಯುವವರಿಗೆ ಈ ಕೆಲಸ ಕೊಡಬೇಡಿ. ನಟ್ಟು ಹೊಸದೇ ಆಗಬೇಕು, ಒಮ್ಮೆ ಬಿಚ್ಚಿದ್ದು ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಹಿಂಡಲಗಾ_ರಸ್ತೆ (ಬೆಳಗಾವಿ)

ಹತ್ತು ದಿನ ಏನೂ ಬರೆಯದೆ ಇದ್ದದ್ದಕ್ಕೆ ಕ್ಷಮೆಯಿರಲಿ. ಹೊಸ ಬೇರಿಂಗು ಮತ್ತು ನಟ್ಟು ಬರುವುದಕ್ಕಾಗಿ ಕಾಯುತ್ತಿದ್ದೆ. ಕಳೆದ ಶನಿವಾರ ಮತ್ತು ರವಿವಾರ ಕೆಲಸ ಮುಗಿಯಿತು. ಕಾಕಾ ಅವರೇ ತಮ್ಮ ಪ್ರೆಸ್ಸಿನ ಮೇಲೆ ಮಾಡಿಕೊಟ್ಟರು, ನಾನು ಪಕ್ಕದಲ್ಲಿ ನಿಂತು ಹಿಡಿದುಕೊಟ್ಟೆ. ಮುಂದೆ ಯಾರಿಗಾದರೂ ಉಪಯೋಗವಾಗಲೆಂದು ಕಂಡದ್ದನ್ನು ಬರೆಯುತ್ತೇನೆ.

ಮನೆಯಲ್ಲಿ ಬಿಚ್ಚುವುದಕ್ಕೇ ಶುಕ್ರವಾರ ರಾತ್ರಿ ಹಿಡಿಯಿತು. ಗಾಡಿ ನೆಲದ ಮೇಲಿರುವಾಗಲೇ ಅಲಾಯ್ ಗಾಲಿಯ ನಡುವಿನ ಮುಚ್ಚಳ ತೆಗೆದು, ತಮ್ಮನನ್ನು ಬ್ರೇಕ್ ಒತ್ತಿ ಕೂರಿಸಿ ದೊಡ್ಡ ನಟ್ಟನ್ನು ಸಡಿಲಿಸಿದೆವು. ಆ ಮೇಲೆ ಗಾಡಿಯನ್ನು ಎತ್ತಿ, ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಡಿಸ್ಕನ್ನು ತೆಗೆದೆ. ಹಿಂದಿನ ಡಿಸ್ಕಿನ ಒಳಗೆ ಹ್ಯಾಂಡ್‌ಬ್ರೇಕಿನ ಚಿಕ್ಕ ಶೂಗಳಿರುವುದರಿಂದ ಹ್ಯಾಂಡ್‌ಬ್ರೇಕ್ ಬಿಟ್ಟಿರದೆ ಅದು ಹೊರಬರುವುದಿಲ್ಲ. ಎಬಿಎಸ್ ಸೆನ್ಸರನ್ನು ಮೊದಲೇ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟೆ. ಕಣಕುಂಬಿ ಕಡೆಯ ಎರಡು ಮಳೆಗಾಲದ ಕೆಂಪು ಮಣ್ಣು ಸೆನ್ಸರಿನ ತೂತಿನ ಸುತ್ತ ಗಾರೆಯಂತೆ ಕಟ್ಟಿತ್ತು. ಅದನ್ನು ಕಡ್ಡಿಯಿಂದ ಕೆರೆದು ತೆಗೆಯುವುದಕ್ಕೇ ಅರ್ಧ ತಾಸು ಹೋಯಿತು.

ಶನಿವಾರ ಉದ್ಯಮಬಾಗದಲ್ಲಿ ಮೊದಲು ಹಬ್ ಅನ್ನು ಹೊರಗೆ ಒತ್ತಿದೆವು. ಅದು ಬರುವಾಗ ಒಳ ರೇಸಿನ ಹೊರಗಡೆಯ ಅರ್ಧವನ್ನು ತನ್ನ ಕೊರಳಿನಲ್ಲೇ ಇಟ್ಟುಕೊಂಡು ಬಂತು. ಇದು ಹೀಗೆಯೇ ಆಗುತ್ತದೆ ಎಂದು ಕಾಕಾ ಮೊದಲೇ ಹೇಳಿದ್ದರು. ಆ ಉಂಗುರವನ್ನು ತೆಗೆಯುವುದು ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಭಾಗ. ಕೈ ಗ್ರೈಂಡರಿನ ತೆಳುವಾದ ಚಕ್ರದಿಂದ ಉಂಗುರವನ್ನು ಓರೆಯಾಗಿ ಸೀಳುತ್ತ ಹೋಗಿ, ಇನ್ನು ಅರ್ಧ ಮಿ.ಮೀ. ಉಳಿದಿದೆ ಎನ್ನುವಾಗ ಕಾಕಾ ಗ್ರೈಂಡರನ್ನು ನಿಲ್ಲಿಸಿದರು. ಸೀಳಿನಲ್ಲಿ ಛನ್ನಿಯನ್ನು ನಿಲ್ಲಿಸಿ ಒಂದೇ ಒಂದು ಪೆಟ್ಟು ಕೊಟ್ಟರು. ಟಣ್ ಎಂದು ಉಂಗುರ ಬಿರಿದು ಹಬ್ ಮೇಲೆ ಸಡಿಲವಾಗಿ ಕೂತಿತು. ಕೆಳಗಿನ ಕೊರಳಿನ ಮೇಲೆ ಈ ಸಲದ ಗುರುತು ಒಂದೂ ಬಿದ್ದಿರಲಿಲ್ಲ. ಆದರೆ ಕಳೆದ ಸಲದ್ದೊಂದು ಗಾಯ ಅಲ್ಲಿತ್ತು: ಉಗುರಿನಷ್ಟು ಉದ್ದದ, ಗ್ರೈಂಡರಿನ ಕಚ್ಚು, ಅದರ ಅಂಚು ತುಸು ಮೇಲೆದ್ದಿತ್ತು. ಕಚ್ಚು ಇದ್ದರೆ ಇರಲಿ, ರೇಸು ಕೂರಲು ಉಳಿದ ಜಾಗ ಸಾಕಷ್ಟಿದೆ, ಎದ್ದ ಅಂಚು ಮಾತ್ರ ಇರಕೂಡದು ಎಂದು ಹೇಳಿ ಕಾಕಾ ಎಣ್ಣೆ ಹಚ್ಚಿದ ನುಣುಪು ಸಾಣೆಕಲ್ಲಿನಿಂದ ಅದನ್ನು ತೀಡಿ, ಮೈಕ್ರೋಮೀಟರಿನಿಂದ ನಾಲ್ಕು ಕಡೆ ಅಳೆದು ನೋಡಿದರು.

ನಂತರ ಬೇರಿಂಗನ್ನು ಹಿಡಿದಿದ್ದ ತಟ್ಟೆಯ ನಾಲ್ಕು ಬೋಲ್ಟುಗಳನ್ನು ತೆಗೆದು, ಹೌಸಿಂಗನ್ನು ವಿದ್ಯುತ್ ಒಲೆಯಲ್ಲಿ ಕಾಯಿಸಿ, ಹಳೆಯ ಬೇರಿಂಗನ್ನು ಒತ್ತಿ ತೆಗೆದೆವು. ಬೋರ್ ಗೇಜಿನಲ್ಲಿ ತೂತು ದುಂಡಗೇ ಇದೆಯೆಂದು ತಿಳಿದಾಗ ನನ್ನ ಎದೆಯ ಭಾರ ಇಳಿಯಿತು. ಹೌಸಿಂಗೇ ಹೋಗಿದ್ದರೆ ಅದನ್ನು ತರಿಸುವ ಖರ್ಚು ಬೇರಿಂಗಿನಂತಲ್ಲ.

ಹಳೆಯ ಬೇರಿಂಗನ್ನು ನಾನು ಎಸೆಯಲು ಬಿಡಲಿಲ್ಲ. ಹೊರ ರೇಸನ್ನು ಎರಡು ಕಡೆ ಸೀಳಿ ತೆರೆದು, ಗ್ರೀಸನ್ನು ಡೀಸೆಲಿನಲ್ಲಿ ತೊಳೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆವು. ಕನ್ನಡಿಯಂತೆ ಹೊಳೆಯಬೇಕಾದ ಹಾದಿಯ ಒಂದು ಭುಜದ ಮೇಲೆ ಸಮನಾದ ಅಂತರದಲ್ಲಿ ಮಂಕಾದ ಚುಕ್ಕೆಗಳು ಕಾಣಿಸಿದವು. ಎರಡು ತುಂಡುಗಳನ್ನೂ ಸೇರಿಸಿ ಎಣಿಸಿದಾಗ ಒಂದು ಸಾಲಿನಲ್ಲಿ ಎಷ್ಟು ಗುಂಡುಗಳಿದ್ದವೋ ಅಷ್ಟೇ ಚುಕ್ಕೆಗಳಿದ್ದವು. ಉಗುರನ್ನು ಎಳೆದರೆ ಪ್ರತಿ ಚುಕ್ಕೆಯಲ್ಲಿಯೂ ಉಗುರು ಸಣ್ಣಗೆ ತಡೆಯುತ್ತಿತ್ತು. ಎರಡು ಕಡೆ ಚುಕ್ಕೆಯ ಅಂಚಿನಿಂದ ಉಕ್ಕು ಸಿಪ್ಪೆಯೆದ್ದಿತ್ತು. ನಾನು ಸ್ಪ್ರಿಂಗಿನ ಮೇಲೆ ಬೆರಳಿಟ್ಟಾಗ ತಟ್ಟಿದ್ದು ಇವೇ. ಬೇರಿಂಗಿನ ತಯಾರಿಕೆಯಲ್ಲಿ ದೋಷವಿದ್ದಿದ್ದರೆ ಅದು ಗುಂಡುಗಳ ಅಂತರವನ್ನೇ ಹುಡುಕಿಕೊಂಡು ಬರುವುದಿಲ್ಲ. ನಿಂತ ಬೇರಿಂಗಿನ ಮೇಲೆ ಒಳ ರೇಸಿನ ಮೂಲಕ ಬಿದ್ದ ಪೆಟ್ಟಿನಿಂದಲೇ ಹೀಗಾಗುತ್ತದೆ.

ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟಿದ್ದೆ. ಬೆಳಗಾವಿಯ ತೇವದ ಗಾಳಿಯಲ್ಲಿ ಬಿಚ್ಚಿಟ್ಟರೆ ತಣ್ಣನೆಯ ಉಕ್ಕಿನ ಮೇಲೆ ನೀರು ಕೂರುತ್ತದೆ. ರವಿವಾರ ಹೌಸಿಂಗನ್ನು 110 ಡಿಗ್ರಿಗೆ ಕಾಯಿಸಿ, ಚರ್ಮದ ಕೈಗವಸು ಹಾಕಿಕೊಂಡು ಹೊರತೆಗೆದು, ಚೀಲದಿಂದ ಬೇರಿಂಗನ್ನು ತೆಗೆದು ತೂತಿನ ಬಾಯಿಗೆ ನೆಟ್ಟಗೆ ಇಟ್ಟರು. ಅದು ತಳದವರೆಗೆ ಒಂದೇ ಉಸಿರಿನಲ್ಲಿ ಇಳಿದು, ದಪ್ಪ ಸದ್ದು ಮಾಡಿ ಕೂತಿತು. ಆದರೂ ಕಾಕಾ ಹೊರ ರೇಸಿನ ಅಳತೆಗೆ ಲೇತಿನಲ್ಲಿ ಕಡೆದ ಒಂದು ಬಟ್ಟಲನ್ನಿಟ್ಟು, ಬಿಸಿ ಆರುವವರೆಗೆ ಪ್ರೆಸ್ಸಿನಿಂದ ಹಗುರವಾಗಿ ಒತ್ತಿಹಿಡಿದರು, ಏಕೆಂದರೆ ತಣ್ಣಗಾಗುವಾಗ ಬೇರಿಂಗ್ ತಳ ಬಿಟ್ಟು ಕೂದಲೆಳೆಯಷ್ಟು ಮೇಲೇಳುವುದುಂಟಂತೆ. ತಟ್ಟೆಯ ಬೋಲ್ಟುಗಳನ್ನು ಕಟ್ಟಿದ ಮೇಲೆ ಒಳ ರೇಸಿನ ಕೆಳಗೆ ಗಟ್ಟಿ ಕೊಳವೆಯ ಆಧಾರ ಕೊಟ್ಟು ಹಬ್ ಅನ್ನು ಮೇಲಿನಿಂದ ಒತ್ತಿದರು. ಪ್ರೆಸ್ಸಿನ ಒತ್ತಡ ತೋರಿಸುವ ಮುಳ್ಳು ಒಂದೇ ಜಾಗದಲ್ಲಿ ನಿಂತಂತೆ ನಿಧಾನವಾಗಿ ಸಾಗಿ, ಹಬ್ ತಳ ಮುಟ್ಟಿದ ಕ್ಷಣ ಸರ್ರನೆ ಏರಿತು. ಅಲ್ಲಿಗೆ ಕೈ ತೆಗೆದರು.

ಇನ್ನು ನಟ್ಟು. ಭಾರ ಬೀಳದೆ 460 ನ್ಯೂಟನ್ ಮೀಟರಿಗೆ ಬಿಗಿಯಬೇಕಾದರೆ ಹಬ್ ತಿರುಗದಂತೆ ಹಿಡಿಯಬೇಕು. ಅದಕ್ಕೆ ಕಾಕಾ ಒಂದು ಮೀಟರ್ ಉದ್ದದ ದಪ್ಪ ಪಟ್ಟಿಗೆ ಎರಡು ತೂತು ಕೊರೆದುಕೊಟ್ಟರು. ಈ ಗಾಡಿಯ ಐದು ಬೋಲ್ಟುಗಳು 130 ಮಿ.ಮೀ. ವ್ಯಾಸದ ವೃತ್ತದಲ್ಲಿರುವುದರಿಂದ ಅಕ್ಕಪಕ್ಕದ ಎರಡು ತೂತುಗಳ ನಡುವಿನ ನೇರ ಅಂತರ 76.4 ಮಿ.ಮೀ. ಬರುತ್ತದೆ. ಪಟ್ಟಿಯನ್ನು ಎರಡು ಬೋಲ್ಟುಗಳಿಂದ ಹಬ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ನೆಲಕ್ಕೆ ಊರಿ, ಲಾರಿ ಗ್ಯಾರೇಜಿನಿಂದ ಬೇಡಿ ತಂದ ಟಾರ್ಕ್ ರೆಂಚಿನಿಂದ ಬಿಗಿದೆ. ಕಟಕ್ ಎಂದಾಗ ನನ್ನ ಎರಡೂ ಕಾಲುಗಳು ನೆಲ ಬಿಡುವ ಹಂತದಲ್ಲಿದ್ದವು.

ಸೋಮವಾರ ಅಲೈನ್‌ಮೆಂಟ್ ಮುಗಿಸಿ ಹೆದ್ದಾರಿ 48ರಲ್ಲಿ ಕಿತ್ತೂರಿನವರೆಗೆ ಹೋಗಿ ಬಂದೆ. 80ರಲ್ಲಿ ಈಗ ಕೇಳಿಸುವುದು ಬೆನ್ನಿನ ಹಿಂದಿನ ಎಂಜಿನ್ನು ಮಾತ್ರ. ನಿಂತ ಕೂಡಲೇ ಎರಡೂ ಹಿಂಗಾಲಿಗಳ ನಡುಭಾಗವನ್ನು ಮುಟ್ಟಿ ನೋಡಿದೆ. ಎರಡೂ ಒಂದೇ ಸಮ ಬೆಚ್ಚಗಿದ್ದವು. ಕಾಕಾ ಅವರಿಗೂ ಬಾಗಲಕೋಟೆಯ ಸರ್ ಅವರಿಗೂ ನಾನು ಋಣಿ.

ಎರೆನಾಡು_ವಿಜಯಪುರ

ಓದಿ ಬಹಳ ಸಂತೋಷವಾಯಿತು. ಒಂದು ಸಂದೇಹ ಉಳಿದಿದೆ. ಬ್ರೇಕ್ ಪ್ಯಾಡುಗಳನ್ನು ಜೋಡಿಯಾಗಿ ಬದಲಿಸುವಂತೆ ಬಲಗಡೆಯ ಬೇರಿಂಗನ್ನೂ ಈಗಲೇ ಬದಲಿಸಿಬಿಡಬೇಕಿತ್ತಲ್ಲವೇ? ಎರಡಕ್ಕೂ ವಯಸ್ಸು ಒಂದೇ ಅಲ್ಲವೇ?

ಉದ್ಯಮಬಾಗ_ಲೇತ್

ಬೇಡ. ಬ್ರೇಕ್ ಎರಡೂ ಕಡೆ ಸಮನಾಗಿ ಹಿಡಿಯಬೇಕು, ಅದಕ್ಕೆ ಜೋಡಿಯ ಮಾತು. ಬೇರಿಂಗಿಗೆ ಆ ನಿಯಮವಿಲ್ಲ. ಬಲಗಡೆಯದು ಕಾರ್ಖಾನೆಯಲ್ಲಿ ಕೂರಿಸಿದ್ದು, ಕೈಗೆ ನುಣ್ಣಗೆ ತಿರುಗುತ್ತಿದೆ, ಸದ್ದಿಲ್ಲ. ಅದನ್ನು ಪರೀಕ್ಷೆಗೆಂದು ತೆಗೆದರೂ ಹಬ್ ಹೊರಬರುವಾಗ ಬಲ ಗುಂಡುಗಳ ಮೂಲಕವೇ ಹಾಯುತ್ತದೆ, ಮರಳಿ ಹಾಕಲು ಬರುವುದಿಲ್ಲ. ಚೆನ್ನಾಗಿರುವುದನ್ನು ಮುಟ್ಟದಿರುವುದೇ ಅದಕ್ಕೆ ಮಾಡುವ ಉಪಕಾರ. ನೀರಿನ ಪ್ರೆಶರ್ ಪಂಪಿನಿಂದ ಗಾಡಿ ತೊಳೆಯುವವರು ಮಾತ್ರ ಹಬ್‌ನ ಸೀಲಿಗೆ ನೇರವಾಗಿ ಧಾರೆ ಹಿಡಿಯದಂತೆ ಹೇಳಿ. ಆ ಎರಡು ತೂತಿನ ಪಟ್ಟಿ, ಲೇತಿನಲ್ಲಿ ಕಡೆದ ಬಟ್ಟಲು ಎರಡೂ ನನ್ನ ಕಪಾಟಿನಲ್ಲಿವೆ. ಬಲಗಡೆ ಎಂದು ಸದ್ದು ಮಾಡುತ್ತದೋ ಅಂದು ಗಾಡಿ ತನ್ನಿ.